ಇನ್‌ಟೇಕ್ ಮ್ಯಾನಿಫೋಲ್ಡ್: ಮಸಿ ತೆಗೆಯುವುದು ಅರ್ಧ ಕೆಲಸ, ಸಂದು ಮುಚ್ಚುವುದು ಉಳಿದರ್ಧ

ಏರ್ ಫಿಲ್ಟರ್ ದಾಟಿ ಬಂದ ಗಾಳಿಯನ್ನು ಇಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಹಂಚುವ ಕವಲುಗೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಪೆಟ್ರೋಲ್ ಕಾರಿನಲ್ಲಿ ಒಳಬರುವ ಗಾಳಿಯನ್ನು ತಟ್ಟೆಯಿಂದ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಬಾಡಿಯಿಂದ ಒಳಗೆ ಬಂದ ಗಾಳಿ ಮೊದಲು ಮ್ಯಾನಿಫೋಲ್ಡಿನ ಅಗಲವಾದ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ; ಅಲ್ಲಿಂದ ಮೂರು ಅಥವಾ ನಾಲ್ಕು ಕವಲುಗಳಾಗಿ ಒಡೆದು, ಸಿಲಿಂಡರುಗಳ ಮೇಲೆ ಕೂರುವ ಇಂಜಿನ್ ಹೆಡ್ಡಿನ ಕಿಂಡಿಗಳ ಮೂಲಕ ವಾಲ್ವುಗಳ ಬಳಿಗೆ ತಲುಪುತ್ತದೆ. ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಜಾಗದಲ್ಲಿ, ಥ್ರಾಟಲ್ ಬಾಡಿ ಮ್ಯಾನಿಫೋಲ್ಡಿಗೆ ಕೂಡುವ ಜಾಗದಲ್ಲಿ, ಇಂಜಿನ್ನಿನ ಹೊಗೆಯ ಒಂದು ಪಾಲನ್ನು ಮರಳಿ ಒಳಗೆ ತರುವ ಇಜಿಆರ್ ಕೊಳವೆ ಬಂದು ಸೇರುವ ಜಾಗದಲ್ಲಿ, ಸಂದು ಸೋರದಂತೆ ಮುಚ್ಚುವ ಒಂದೊಂದು ಗ್ಯಾಸ್ಕೆಟ್ ಇರುತ್ತದೆ. ಮ್ಯಾನಿಫೋಲ್ಡ್ ಬಿಚ್ಚುವವರ ಗಮನವೆಲ್ಲ ಸಾಮಾನ್ಯವಾಗಿ ಒಳಗಿನ ಕಪ್ಪು ಮಸಿಯ ಮೇಲೆಯೇ ಇರುತ್ತದೆ. ಆದರೆ ಮಸಿ ಸ್ವಲ್ಪ ಉಳಿದರೂ ಇಂಜಿನ್ ಓಡುತ್ತದೆ. ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಕೆಲಸಕ್ಕೆ ಮೊದಲಿದ್ದ ಸ್ಥಿತಿಗಿಂತಲೂ ಕೆಟ್ಟದಾಗಿ ಓಡುತ್ತದೆ. ಮನೆಯಂಗಳದಲ್ಲಿ ಈ ಕೆಲಸಕ್ಕೆ ಕೈಹಾಕುವವರು ತಮ್ಮ ತಾಳ್ಮೆಯ ಹೆಚ್ಚಿನ ಪಾಲನ್ನು ಮಸಿಗಲ್ಲ, ಸಂದುಗಳಿಗೆ ಮೀಸಲಿಡಬೇಕು ಎಂಬುದೇ ಈ ಲೇಖನದ ಮುಖ್ಯ ಮಾತು.

ಇದಕ್ಕೆ ಕಾರಣ ಒತ್ತಡದ ವ್ಯತ್ಯಾಸ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಬಿಸಿಯಾದ ಪೆಟ್ರೋಲ್ ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಮ್ಯಾನಿಫೋಲ್ಡಿನ ಒಳಗಿನ ಒತ್ತಡ 30ರಿಂದ 40 ಕಿಲೋಪ್ಯಾಸ್ಕಲ್‌ನಷ್ಟೇ ಇರುತ್ತದೆ, ಏಕೆಂದರೆ ಪಿಸ್ಟನ್‌ಗಳು ಗಾಳಿಯನ್ನು ಎಳೆಯುತ್ತಲೇ ಇರುತ್ತವೆ, ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತದೆ. ಹೀಗಿರುವಾಗ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಹೊರಗಿನ ಗಾಳಿ ಅಲ್ಲಿಂದ ಒಳನುಗ್ಗುತ್ತದೆ. ಎಳನೀರು ಕುಡಿಯುವ ಕೊಳವೆಯಲ್ಲಿ ಸೀಳು ಬಿದ್ದಾಗ ಎಷ್ಟು ಎಳೆದರೂ ಬಾಯಿಗೆ ನೀರಿನ ಬದಲು ಗಾಳಿಯೇ ಬರುವುದು ಇದೇ ಕಾರಣಕ್ಕೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆಯೆಂದು ತೋರಿಸುವ ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರಿಗೆ ಇನ್ನೊಂದು ಸೂಚನೆ: ಮಂಗಳೂರು, ಉಡುಪಿಯಂತಹ ಕಡಲ ಮಟ್ಟದ ಊರುಗಳಲ್ಲಿ ಆರೋಗ್ಯವಂತ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಬೇಕು. ಅದೇ ಕಾರು ಘಟ್ಟ ಹತ್ತಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಹೋದರೆ ಮುಳ್ಳು ಮೂರು ಇಂಚಿನಷ್ಟು ಕೆಳಗೆ ನಿಲ್ಲುತ್ತದೆ. ಆದ್ದರಿಂದ ಬೆಂಗಳೂರಿನವರು ಹೇಳಿದ ಅಂಕಿಯನ್ನು ನಮ್ಮ ಕರಾವಳಿಯ ಕಾರಿಗೆ ಹಾಗೆಯೇ ಅನ್ವಯಿಸಿದರೆ ಸೋರುವ ಇಂಜಿನ್ನೂ ಸರಿಯಿದ್ದಂತೆ ಕಾಣುತ್ತದೆ.

ಹೀಗೆ ಕಳ್ಳದಾರಿಯಲ್ಲಿ ಬಂದ ಗಾಳಿಯಿಂದ ಆಗುವ ತೊಂದರೆ ಎಲ್ಲ ಕಾರುಗಳಲ್ಲಿಯೂ ಒಂದೇ ರೀತಿ ಕಾಣುವುದಿಲ್ಲ, ಮತ್ತು ಇದನ್ನು ತಿಳಿಯದೆ ಅನೇಕರು ದಾರಿ ತಪ್ಪುತ್ತಾರೆ. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಕೆಲವು ಕಾರುಗಳಲ್ಲಿ ಏರ್ ಫಿಲ್ಟರಿನ ಪಕ್ಕದಲ್ಲಿರುವ ಮಾಸ್ ಏರ್‌ಫ್ಲೋ ಸೆನ್ಸರ್ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುತ್ತದೆ. ಗ್ಯಾಸ್ಕೆಟ್ಟಿನ ಸಂದಿನಿಂದ ನುಗ್ಗಿದ ಗಾಳಿ ಆ ಲೆಕ್ಕಕ್ಕೆ ಸಿಗದ ಕಾರಣ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಐಡ್ಲಿಂಗ್ ನಡುಗುತ್ತದೆ, ಕೊನೆಗೆ ಚೆಕ್ ಇಂಜಿನ್ ದೀಪ ಹೊತ್ತಿ ಪಿ0171 ಎಂಬ ಕೋಡ್ ದಾಖಲಾಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ, ಅದರಲ್ಲೂ ಅನೇಕ ಸಣ್ಣ ಕಾರುಗಳಲ್ಲಿ, ಗಾಳಿಯನ್ನು ಅಳೆಯುವ ಬದಲು ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್ ಅಳೆಯುತ್ತದೆ. ಅಲ್ಲಿ ಸೋರಿಕೆಯಾದಾಗ ಒಳಗಿನ ಒತ್ತಡ ಏರುವುದರಿಂದ, ಚಾಲಕ ಆಕ್ಸಿಲರೇಟರ್ ತುಳಿದಂತೆಯೇ ಭಾವಿಸಿ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಪೆಟ್ರೋಲನ್ನೂ ಹೆಚ್ಚಿಸುತ್ತದೆ. ಮಿಶ್ರಣ ಬಹುಮಟ್ಟಿಗೆ ಸರಿಯಾಗಿಯೇ ಇದ್ದು ಐಡ್ಲಿಂಗ್ ವೇಗ ಮಾತ್ರ ಏರಿ ನಿಲ್ಲುತ್ತದೆ. ಕೋಡ್ ಬಂದಿಲ್ಲವೆಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎಂದು ತೀರ್ಮಾನಿಸಬಾರದು ಎನ್ನುವುದು ಇದಕ್ಕಾಗಿಯೇ. ಟರ್ಬೊ ಇರುವ ಡೀಸೆಲ್ ಕಾರಿನಲ್ಲಿ ಸಂಗತಿ ತಿರುವುಮುರುವು: ಅಲ್ಲಿ ಲೋಡ್ ಬಿದ್ದಾಗ ಮ್ಯಾನಿಫೋಲ್ಡಿನ ಒಳಗಿನ ಒತ್ತಡವೇ ಹೊರಗಿನದಕ್ಕಿಂತ ಹೆಚ್ಚು, ಆದ್ದರಿಂದ ಸಂದಿನಿಂದ ಗಾಳಿ ಹೊರಗೆ ಹೋಗುತ್ತದೆ, ಬುಸ್ಸೆಂಬ ಸದ್ದಿನೊಡನೆ ಪಿಕಪ್ ಕುಸಿಯುತ್ತದೆ, ಹಿಂದೆ ಕರಿಹೊಗೆ ಕಾಣುತ್ತದೆ.

ಇನ್ನು ಮಸಿಯ ವಿಚಾರ. ಅದು ಎರಡು ಮೂಲಗಳಿಂದ ಬರುತ್ತದೆ. ಪಿಸ್ಟನ್ ರಿಂಗುಗಳನ್ನು ದಾಟಿ ಇಂಜಿನ್ನಿನ ಕೆಳಭಾಗಕ್ಕೆ ಇಳಿದ ಅನಿಲವನ್ನು ಪಿಸಿವಿ ವ್ಯವಸ್ಥೆ ಮತ್ತೆ ಇನ್‌ಟೇಕ್‌ಗೆ ತಿರುಗಿಸುತ್ತದೆ. ಅದರೊಡನೆ ಇಂಜಿನ್ ಆಯಿಲ್‌ನ ಹಬೆಯೂ ಬಂದು ಗೋಡೆಗಳಿಗೆ ಅಂಟುತ್ತದೆ. ಇಜಿಆರ್ ವಾಲ್ವ್ ಸೈಲೆನ್ಸರಿನ ಕಡೆಗೆ ಹೋಗುವ ಹೊಗೆಯ ಒಂದು ಪಾಲನ್ನು ತಿರುಗಿಸಿ ಮತ್ತೆ ಒಳಗೆ ಕಳಿಸುತ್ತದೆ. ಡೀಸೆಲ್ ಕಾರಿನಲ್ಲಿ ಆ ಹೊಗೆಯ ತುಂಬ ಒಣ ಮಸಿ ಇರುತ್ತದೆ. ಒಣ ಮಸಿ ಜಿಡ್ಡಿನ ಗೋಡೆಗೆ ಕೂತಾಗ ಎರಡೂ ಸೇರಿ ಡಾಂಬರಿನಂತಹ ದಪ್ಪ ಪದರವಾಗುತ್ತದೆ. ಇಜಿಆರ್ ಹೆಚ್ಚು ತೆರೆದುಕೊಳ್ಳುವುದು ಕಡಿಮೆ ವೇಗದಲ್ಲಿ, ಅರೆಲೋಡಿನಲ್ಲಿ. ಇಂಜಿನ್ನಿಗೆ ಪೂರ್ಣ ಲೋಡ್ ಬಿದ್ದಾಗ ಅದು ಮುಚ್ಚಿಕೊಳ್ಳುತ್ತದೆ. ಹಾಗಾಗಿ ದಿನವೂ ಮಂಗಳೂರಿನ ಹಂಪನಕಟ್ಟೆ, ಪಂಪ್‌ವೆಲ್‌ಗಳ ವಾಹನದಟ್ಟಣೆಯಲ್ಲಿ ತೆವಳುವ ಡೀಸೆಲ್ ಕಾರಿನ ಮ್ಯಾನಿಫೋಲ್ಡ್, ಆಗಾಗ ಶಿರಾಡಿ ಘಾಟಿ ಹತ್ತುವ ಕಾರಿನದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಇಂಜಿನ್ನನ್ನು ಮಾರುತಿ, ಟಾಟಾ ಕಾರುಗಳಲ್ಲಿಯೂ ಬಳಸಲಾಗಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಅದರ ಕಾಲ ಮುಗಿಯಿತು. ಅಂತಹ ಕಾರುಗಳು ಇಲ್ಲಿನ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿವೆ, ಮತ್ತು ಈ ಲೇಖನದ ಅಗತ್ಯ ಹೆಚ್ಚಾಗಿ ಬೀಳುವುದು ಅಂತಹ ಹಳೆಯ ಡೀಸೆಲ್ ಕಾರುಗಳ ಮಾಲೀಕರಿಗೇ.

ಸಾಮಾನ್ಯ ಎಂಪಿಎಫ್‌ಐ ಪೆಟ್ರೋಲ್ ಕಾರಿನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ವಾಲ್ವಿನ ಬೆನ್ನಿಗೇ ಸಿಂಪಡಿಸುವುದರಿಂದ ವಾಲ್ವ್ ತಾನಾಗಿ ತೊಳೆದುಕೊಳ್ಳುತ್ತದೆ, ಮ್ಯಾನಿಫೋಲ್ಡಿನಲ್ಲಿ ತೆಳುವಾದ ಜಿಡ್ಡು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅಂತಹ ಕಾರಿಗೆ ಥ್ರಾಟಲ್ ಬಾಡಿಯನ್ನು ಮಾತ್ರ ಶುಚಿಗೊಳಿಸಿದರೆ ಸಾಕು; ಗ್ಯಾಸ್ಕೆಟ್ ಸೋರುತ್ತಿಲ್ಲವಾದರೆ ಬರಿಯ ಶುಚಿತ್ವಕ್ಕಾಗಿ ಮ್ಯಾನಿಫೋಲ್ಡ್ ಬಿಚ್ಚುವುದು ಬೇಡವೆಂದೇ ನನ್ನ ಸಲಹೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಟಿಎಸ್‌ಐ ಅಥವಾ ಹ್ಯುಂಡೈ, ಕಿಯಾಗಳ ಟಿ-ಜಿಡಿಐ ಮಾದರಿಯ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಬೀಳುವುದರಿಂದ ವಾಲ್ವಿನ ಬೆನ್ನು ತೊಳೆಯುವವರೇ ಇಲ್ಲ. ಅಲ್ಲಿ ಕಟ್ಟಿಕೊಂಡ ಗಟ್ಟಿ ಕಾರ್ಬನ್ನನ್ನು ಅಕ್ರೋಟದ ಚಿಪ್ಪಿನ ಪುಡಿ ಊದಿ ತೆಗೆಯುವ ಯಂತ್ರವಿರುವ ವರ್ಕ್‌ಶಾಪಿಗೇ ಕೊಂಡೊಯ್ಯುವುದು ಒಳ್ಳೆಯದು.

ಬಿಚ್ಚುವ ಮೊದಲು ಇನ್ನೂ ಒಂದು ಪರೀಕ್ಷೆ ಮಾಡಬೇಕು. ಐಡ್ಲಿಂಗ್ ಕೆಡಲು ಗ್ಯಾಸ್ಕೆಟ್ಟೇ ಕಾರಣವೆಂದೇನೂ ಇಲ್ಲ. ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್, ಪಿಸಿವಿ ಹೋಸ್, ಸಣ್ಣ ವ್ಯಾಕ್ಯೂಮ್ ಹೋಸುಗಳು ಬಿರಿದರೂ ಇವೇ ಲಕ್ಷಣಗಳು ಕಾಣುತ್ತವೆ, ಮತ್ತು ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿಕೊಳ್ಳುವ ಇಲಿಗಳು ಹೋಸ್ ಕಡಿಯುವುದು ನಮ್ಮ ಕರಾವಳಿಯ ಮನೆಗಳಲ್ಲಿ ಹೊಸ ಸಂಗತಿಯಲ್ಲ. ಇಸಿಯುವಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಇದ್ದವರು, ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂದು ತೋರಿಸುವ ಫ್ಯೂಯಲ್ ಟ್ರಿಮ್ ಅಂಕಿಯನ್ನು ನೋಡಬಹುದು: ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಅದು ಐಡ್ಲಿಂಗ್‌ನಲ್ಲಿ ಶೇಕಡಾ 10ನ್ನು ಮೀರಿ ಏರಿದ್ದು, 2,500 ಆರ್‌ಪಿಎಂಗೆ ಒಯ್ದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ ಸೋರಿಕೆ ಇದೆಯೆಂದು ಬಹುಮಟ್ಟಿಗೆ ನಂಬಬಹುದು. ಸೋರಿಕೆ ಎಲ್ಲಿದೆಯೆಂದು ಹುಡುಕಲು ಓಡುತ್ತಿರುವ ಇಂಜಿನ್ನಿನ ಮೇಲೆ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸುವ ರೂಢಿಯುಂಟು. ಅದು ಬೆಂಕಿ ಹೊತ್ತುವ ದ್ರವ, ಪಕ್ಕದಲ್ಲಿಯೇ ಕಾದ ಎಕ್ಸಾಸ್ಟ್ ಇರುತ್ತದೆ, ದಯವಿಟ್ಟು ಮಾಡಬೇಡಿ. ಸಂದಿನ ಉದ್ದಕ್ಕೂ ನೀರನ್ನು ಹಗುರವಾಗಿ ಸಿಂಪಡಿಸಿದಾಗ ಐಡ್ಲಿಂಗ್ ಕ್ಷಣಕಾಲ ಬದಲಾದರೂ ಅದೇ ಸುಳಿವು ಸಿಗುತ್ತದೆ, ಹೊಗೆ ಬಿಟ್ಟು ನೋಡುವ ಯಂತ್ರವಿರುವ ಗ್ಯಾರೇಜಿನಲ್ಲಿ ಇನ್ನೂ ಖಚಿತವಾಗಿ ಗೊತ್ತಾಗುತ್ತದೆ.

ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೋ, ಅದು ಮುಗಿದ ಮೇಲೆಯೋ ಇಟ್ಟುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ತೊಳೆದ ಭಾಗ ಒಣಗುವುದೇ ಇಲ್ಲ, ತೆರೆದಿಟ್ಟ ಹೆಡ್ಡಿನ ಕಿಂಡಿಗಳಿಗೆ ತೇವ ಸೇರುತ್ತದೆ. ಕಡಲ ಗಾಳಿಯ ಉಪ್ಪು ಇನ್ನೊಂದು ತೊಡಕು: ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಹೆಡ್, ನಡುವೆ ಉಪ್ಪಿನ ತೇವ, ಈ ಮೂರೂ ಕೂಡಿದಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಬೋಲ್ಟನ್ನು ಹಿಡಿದುಬಿಡುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂತೆ ಸಮುದ್ರಕ್ಕೆ ತೀರ ಹತ್ತಿರವಿರುವಲ್ಲಿ ನಿಲ್ಲುವ ಕಾರುಗಳಲ್ಲಿ ಇದು ಹೆಚ್ಚು. ಹಿಂದಿನ ರಾತ್ರಿಯೇ ಪ್ರತಿ ಬೋಲ್ಟಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಬೆಳಿಗ್ಗೆ ತಣ್ಣಗಿರುವ ಇಂಜಿನ್ನಿನಲ್ಲಿ ಬೋಲ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಬೇಕು. ಬಾರದ ಬೋಲ್ಟಿನ ಮೇಲೆ ಬಲ ಹೇರಿ ತಲೆ ಮುರಿದುಕೊಂಡರೆ ಕೆಲಸ ಅಂಗಳದಿಂದ ಬೈಕಂಪಾಡಿಯದೋ ಮಣಿಪಾಲದ ಕೈಗಾರಿಕಾ ಪ್ರದೇಶದ್ದೋ ಲೇತ್ ಅಂಗಡಿಗೆ ಹೋಗುತ್ತದೆ.

ಹೊಸ ಗ್ಯಾಸ್ಕೆಟ್‌ಗಳು ಕೈಗೆ ಬರುವವರೆಗೆ ಹಳೆಯದನ್ನು ಬಿಚ್ಚಬಾರದು. ಅಂಗಡಿಯಲ್ಲಿ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿನಲ್ಲಿ ವರ್ಷಕ್ಕೆ ತಕ್ಕಂತೆ ಬೇರೆ ಇಂಜಿನ್ ಇರುತ್ತದೆ, ಆದ್ದರಿಂದ ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಕೊಟ್ಟು ಭಾಗದ ಸಂಖ್ಯೆ ಹುಡುಕಿಸಬೇಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಜೊತೆಗೆ ಥ್ರಾಟಲ್ ಬಾಡಿಯ ಗ್ಯಾಸ್ಕೆಟ್, ಇಜಿಆರ್ ಗ್ಯಾಸ್ಕೆಟ್, ಇಂಜೆಕ್ಟರುಗಳನ್ನು ಎತ್ತುವುದಾದರೆ ಅವುಗಳ ಓ-ರಿಂಗ್‌ಗಳನ್ನೂ ತರಿಸಬೇಕು. ಒಮ್ಮೆ ಒತ್ತಿ ಚಪ್ಪಟೆಯಾದ ಗ್ಯಾಸ್ಕೆಟ್ಟನ್ನು ಮತ್ತೆ ಬಳಸುವ ಉಳಿತಾಯ ಎಂದಿಗೂ ಲಾಭವಾಗುವುದಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಕಳಚುವ ಮೊದಲು ಪೆಟ್ರೋಲ್ ಕಾರಿನಲ್ಲಿ ಇಂಧನದ ಒತ್ತಡ ಇಳಿಸಬೇಕು. ಇಂಜೆಕ್ಟರ್ ರೈಲಿನಲ್ಲಿ ಸಾಮಾನ್ಯವಾಗಿ 3 ಬಾರ್‌ಗಿಂತ ಹೆಚ್ಚಿನ ಒತ್ತಡ ಉಳಿದಿರುತ್ತದೆ; ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಅದು ಇಳಿಯುತ್ತದೆ. ಆಮೇಲೆ ಬ್ಯಾಟರಿಯ ತಂತಿ ಕಳಚಿ, ಇಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು ಕೆಲಸಕ್ಕೆ ತೊಡಗಬೇಕು. ಪೈಪ್ ಬಿಡಿಸುವಾಗ ಬಟ್ಟೆ ಸುತ್ತಿ ಹಿಡಿಯಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಎಟಕುವಲ್ಲಿರಬೇಕು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಇಂಧನ ಹೋಗುವ ಕಾಮನ್ ರೈಲ್ ಡೀಸೆಲಿನ ಮಾತೇ ಬೇರೆ. ಅದರ ಉಕ್ಕಿನ ಪೈಪುಗಳಲ್ಲಿ ಒತ್ತಡ 1,600 ಬಾರ್‌ವರೆಗೂ ಹೋಗುತ್ತದೆ, ಅಂತಹ ಧಾರೆ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಅಲ್ಲದೆ ಬಿಚ್ಚಿದ ಪೈಪಿನೊಳಗೆ ಧೂಳಿನ ಕಣ ಸೇರಿದರೆ ಇಂಜೆಕ್ಟರ್ ಹಾಳಾಗುತ್ತದೆ. ಮ್ಯಾನಿಫೋಲ್ಡ್ ತೆಗೆಯಲು ಈ ಪೈಪುಗಳನ್ನು ಬಿಚ್ಚಲೇಬೇಕಾದ ಇಂಜಿನ್ ನಿಮ್ಮದಾದರೆ ಆ ಭಾಗವನ್ನು ಅನುಭವಿ ಮೆಕ್ಯಾನಿಕ್‌ಗೇ ಬಿಡಿ. ಇದರಲ್ಲಿ ಹಿಂಜರಿಕೆ ಬೇಡ.

ಪ್ರತಿಯೊಂದು ಹೋಸ್, ಕನೆಕ್ಟರ್ ಬಿಡಿಸುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದು, ಅಂಟುಪಟ್ಟಿಯ ಮೇಲೆ ಗುರುತು ಬರೆದು ಅಂಟಿಸಬೇಕು. ಹಳೆಯ ಪ್ಲಾಸ್ಟಿಕ್ ಕನೆಕ್ಟರುಗಳು ಇಂಜಿನ್ನಿನ ಬಿಸಿಗೆ ಒಣಗಿ ಪೆಳಸಾಗಿರುತ್ತವೆ, ಎಳೆದರೆ ಮುರಿಯುತ್ತವೆ. ಬೀಗದ ನಾಲಿಗೆಯನ್ನು ಒತ್ತಿಯೇ ತೆಗೆಯಬೇಕು. ಅನೇಕ ಥ್ರಾಟಲ್ ಬಾಡಿಗಳಿಗೆ ಕೂಲೆಂಟ್ ಹೋಸ್ ಬಂದಿರುತ್ತದೆ, ಕೆಲವು ಹಳೆಯ ಅಲ್ಯೂಮಿನಿಯಂ ಮ್ಯಾನಿಫೋಲ್ಡುಗಳೊಳಗೇ ಕೂಲೆಂಟ್ ಹರಿಯುವ ದಾರಿಯಿರುತ್ತದೆ. ಅದನ್ನು ಮೊದಲೇ ಇಳಿಸಿಕೊಳ್ಳದಿದ್ದರೆ ಬಿಚ್ಚಿದೊಡನೆ ಸಿಲಿಂಡರಿನ ಕಿಂಡಿಗೆ ಸುರಿಯುತ್ತದೆ. ಬೋಲ್ಟುಗಳನ್ನು ತುದಿಯಿಂದ ನಡುವಿನ ಕಡೆಗೆ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಮ್ಯಾನಿಫೋಲ್ಡ್ ಕೈಗೆ ಬಂದ ಕ್ಷಣವೇ ಹೆಡ್ಡಿನ ಪ್ರತಿಯೊಂದು ಕಿಂಡಿಯನ್ನೂ ನೂಲು ಬಿಡದ ಶುಚಿ ಬಟ್ಟೆಯಿಂದ ತುರುಕಿ ಮುಚ್ಚಿ, ಎಷ್ಟು ಬಟ್ಟೆ ಇಟ್ಟೆವೆಂದು ಎಣಿಸಿಡಬೇಕು. ಅಲ್ಲಿಗೆ ಬಿದ್ದ ಒಂದು ಸಣ್ಣ ನಟ್ ಇಂಜಿನ್ ಚಾಲೂ ಮಾಡಿದಾಗ ವಾಲ್ವನ್ನೂ ಪಿಸ್ಟನ್ನನ್ನೂ ಹಾಳುಮಾಡುತ್ತದೆ.

ತೊಳೆಯುವ ಮೊದಲು ಮ್ಯಾಪ್ ಸೆನ್ಸರ್, ಉಷ್ಣತೆಯ ಸೆನ್ಸರ್, ಥ್ರಾಟಲ್ ಬಾಡಿ, ರಬ್ಬರ್ ಸೀಲುಗಳು ಎಲ್ಲವನ್ನೂ ಮ್ಯಾನಿಫೋಲ್ಡಿನಿಂದ ಬೇರೆ ಮಾಡಬೇಕು. ಇಂದಿನ ಬಹುಪಾಲು ಪೆಟ್ರೋಲ್ ಮ್ಯಾನಿಫೋಲ್ಡುಗಳು ಗಾಜಿನ ಎಳೆ ಬೆರೆಸಿದ ನೈಲಾನಿನವು. ಅವಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಅಥವಾ ನೀರಿನಲ್ಲಿ ಕರಗುವ ಡಿಗ್ರೀಸರ್, ನೈಲಾನ್ ಬ್ರಷ್ ಸಾಕು. ಅಲ್ಯೂಮಿನಿಯಂ ಮ್ಯಾನಿಫೋಲ್ಡಿನ ಡಾಂಬರಿನಂತಹ ಮಸಿಯನ್ನು ಮೊದಲು ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ ಕೆರೆದು ತೆಗೆದು, ಚಿಮಿಣಿ ಎಣ್ಣೆ ಅಥವಾ ಡೀಸೆಲಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮಾರನೆಯ ದಿನ ಬ್ರಷ್ಷಿನಿಂದ ಉಜ್ಜಿ ಸೋಪುನೀರಿನಲ್ಲಿ ತೊಳೆಯಬೇಕು. ಪೆಟ್ರೋಲಿನಲ್ಲಿ ತೊಳೆಯಬಾರದು, ಅದರ ಆವಿ ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಚರಂಡಿ ಬಿಡಿಸುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಅದನ್ನು ಹತ್ತಿರವೂ ತರಬಾರದು. ತಂತಿಯ ಬ್ರಷ್ ಬೇಡ, ಉದುರಿದ ತಂತಿ ಕವಲಿನ ತಿರುವಿನಲ್ಲಿ ಸಿಕ್ಕಿಕೊಂಡರೆ ಕಣ್ಣಿಗೆ ಬೀಳುವುದಿಲ್ಲ. ಒಳಗೆ ತಿರುಗುವ ತಟ್ಟೆಗಳಿರುವ ಡೀಸೆಲ್ ಮ್ಯಾನಿಫೋಲ್ಡಾದರೆ ಆ ತಟ್ಟೆಗಳ ಅಚ್ಚು ಸವೆದು ಆಡುತ್ತಿದೆಯೇ ಎಂದು ನೋಡಬೇಕು; ಆಡುತ್ತಿದ್ದರೆ ತೊಳೆದು ಪ್ರಯೋಜನವಿಲ್ಲ, ಮ್ಯಾನಿಫೋಲ್ಡನ್ನೇ ಬದಲಿಸಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಲೇಬೇಕಾಗಿದೆ. ದಕ್ಷಿಣ ಕನ್ನಡ, ಉಡುಪಿಗಳ ಹೆಚ್ಚಿನ ಮನೆಗಳ ಅಂಗಳದ ಅಂಚಿನಲ್ಲಿಯೇ ಬಾವಿ ಇರುತ್ತದೆ, ನೆಲ ಮುರಕಲ್ಲಿನದು. ಆ ಕಲ್ಲು ತೂತುತೂತಾಗಿದ್ದು ಸುರಿದದ್ದನ್ನೆಲ್ಲ ಕೆಳಗೆ ಇಳಿಸುತ್ತದೆ. ಮಸಿ ಕರಗಿದ ಎಣ್ಣೆಯನ್ನು ಅಂಗಳಕ್ಕೆ ಚೆಲ್ಲಿದರೆ ಅದು ಕುಡಿಯುವ ನೀರಿಗೆ ಸೇರುವ ದಾರಿ ತೀರ ಹತ್ತಿರದ್ದು. ಅಗಲವಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತೊಳೆದು, ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ, ಹಳೆಯ ಇಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು. ಮೊದಲ ಸುತ್ತಿನ ಸೋಪುನೀರನ್ನೂ ಬಾವಿಯಿಂದ, ತೋಟದ ಕಣಿಯಿಂದ ದೂರವೇ ಇಡಬೇಕು.

ಹೆಡ್ಡಿನ ಕಿಂಡಿಗಳೊಳಗೆ, ವಾಲ್ವಿನ ಬೆನ್ನಿಗೆ ಕ್ಲೀನರ್ ಹಾಕುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಆ ಸಿಲಿಂಡರಿನ ವಾಲ್ವ್ ಪೂರ್ತಿ ಮುಚ್ಚಿದೆಯೆಂದು ಖಚಿತವಾಗದೆ ಅದಕ್ಕೆ ಮುಂದಾಗಬಾರದು. ತೆರೆದ ವಾಲ್ವಿನಿಂದ ದ್ರವ ಸಿಲಿಂಡರಿಗೆ ಇಳಿದರೆ, ಗಾಳಿಯಂತೆ ಅದು ಕುಗ್ಗುವುದಿಲ್ಲವಾದ್ದರಿಂದ, ಸ್ಟಾರ್ಟ್ ಮಾಡಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈಗ ಕೆಲಸದ ತಿರುಳಿಗೆ ಬರೋಣ. ಹೆಡ್ಡಿನ ಮುಖಕ್ಕೂ ಮ್ಯಾನಿಫೋಲ್ಡಿನ ಮುಖಕ್ಕೂ ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಬೇಕು. ಅಲ್ಯೂಮಿನಿಯಂ ಮೆದು, ಉಕ್ಕಿನ ಬ್ಲೇಡಿನ ಒಂದು ಗೀರು ಕಿಂಡಿಯಿಂದ ಹೊರಗಿನವರೆಗೆ ಎಳೆದುಹೋದರೆ ಅದೇ ಹೊಸ ಸೋರುದಾರಿ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಚಕ್ರವನ್ನು ಬಳಸಿದರೆ ಮುಖ ಒಂದೆಡೆ ತಗ್ಗಾಗುತ್ತದೆ, ಅದರ ಪುಡಿ ಇಂಜಿನ್ನಿನೊಳಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಮುಖ ಶುಚಿಯಾದ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಸಂದಿನ ಅಳತೆ ತಿಳಿಸುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಾಮಾನ್ಯವಾಗಿ 0.1 ಮಿಲಿಮೀಟರಿನ ಆಸುಪಾಸಿನ ಬಾಗು ಮಿತಿಯೆನಿಸುತ್ತದೆ, ನಿಮ್ಮ ಇಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವುದೇ ಅಂತಿಮ. ಬಾಗಿದ ಪ್ಲಾಸ್ಟಿಕ್ ಮ್ಯಾನಿಫೋಲ್ಡನ್ನು ಹೊಸ ಗ್ಯಾಸ್ಕೆಟ್ ಸರಿಪಡಿಸಲಾರದು.

ಗ್ಯಾಸ್ಕೆಟ್‌ಗಳಲ್ಲಿ ಕಾಗದದಂತಹ ನಾರಿನವು, ತೆಳು ಉಕ್ಕಿನ ಪದರಗಳವು, ತೋಡಿನಲ್ಲಿ ಕೂರುವ ರಬ್ಬರಿನವು ಎಂದು ಬೇರೆಬೇರೆ ಬಗೆಗಳಿವೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿಗೆ ಹೆಚ್ಚಾಗಿ ರಬ್ಬರಿನದೇ. ಅದನ್ನು ಒಣ ತೋಡಿನಲ್ಲಿ, ಎಲ್ಲಿಯೂ ತಿರುಚದಂತೆ, ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಬೇಕು. ‘ಇನ್ನಷ್ಟು ಭದ್ರವಾಗಲಿ’ ಎಂದು ಅದರ ಮೇಲೆ ಸಿಲಿಕೋನ್ ಪೇಸ್ಟ್ ಮೆತ್ತುವವರಿದ್ದಾರೆ. ಪೇಸ್ಟ್ ರಬ್ಬರನ್ನು ಜಾರಿಸುತ್ತದೆ, ಹಿಂಡಿ ಒಳಬಂದ ತುಣುಕು ಕಳಚಿ ವಾಲ್ವಿಗೆ ಹೋಗುತ್ತದೆ. ಮ್ಯಾನ್ಯುಯಲ್ ಹೇಳಿದ ಕಡೆ ಬಿಟ್ಟು ಬೇರೆಲ್ಲೂ ಅದು ಬೇಡ. ಇಂಜೆಕ್ಟರ್ ಓ-ರಿಂಗ್‌ಗಳಿಗೆ ಮಾತ್ರ ಶುಚಿ ಇಂಜಿನ್ ಆಯಿಲ್ ಒಂದು ಹನಿ ಸವರಿದರೆ ಹರಿಯದೆ ಕೂರುತ್ತವೆ.

ಮ್ಯಾನಿಫೋಲ್ಡ್ ಒಂದು ಪೂರ್ತಿ ದಿನ ಬಿಸಿಲಿನಲ್ಲಿ ಒಣಗಿರಬೇಕು. ಕಿಂಡಿಗಳ ಬಟ್ಟೆಗಳನ್ನು ಎಣಿಸಿ ತೆಗೆದು, ಮ್ಯಾನಿಫೋಲ್ಡನ್ನು ನೇರವಾಗಿ ತಂದು ಕೂರಿಸಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಹಾಕಬೇಕು. ಬಿಗಿಯುವುದು ನಡುವಿನಿಂದ ತುದಿಗಳ ಕಡೆಗೆ, ಒಂದರ ನಂತರ ಅದರ ಎದುರು ಬದಿಯದು ಎಂಬ ಕ್ರಮದಲ್ಲಿ, ಎರಡು ಮೂರು ಸುತ್ತುಗಳಲ್ಲಿ. ತುದಿಯಿಂದ ಶುರುಮಾಡಿದರೆ ನಡುವಿನ ಉಬ್ಬು ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಣ್ಣ 6 ಮಿ.ಮೀ. ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್, 8 ಮಿ.ಮೀ. ಬೋಲ್ಟುಗಳಿಗೆ 20ರಿಂದ 25 ನ್ಯೂಟನ್ ಮೀಟರ್ ಬಲ ಸಾಕು. ಉದ್ದ ಹಿಡಿಯ ಸ್ಪ್ಯಾನರಿನಿಂದ ಅಂದಾಜಿಗೆ ಬಿಗಿದರೆ ಇದರ ಎರಡರಷ್ಟು ಬಲ ಬೀಳುವುದು ಸುಲಭ, ಆಗ ಹೆಡ್ಡಿನ ಬೋಲ್ಟ್ ತೂತಿನ ತಿರುಪು ಕಿತ್ತುಹೋಗುತ್ತದೆ ಇಲ್ಲವೇ ಪ್ಲಾಸ್ಟಿಕ್ ಬಿರಿಯುತ್ತದೆ. ಬಿಗಿಯುವ ಬಲವನ್ನು ಅಳೆದು ತೋರಿಸುವ ಸಣ್ಣ ಅಳತೆಯ ಟಾರ್ಕ್ ರೆಂಚ್ ಒಂದನ್ನು ಕೊಳ್ಳುವುದೋ ಎರವಲು ತರುವುದೋ ಅನಿವಾರ್ಯ. ಬೋಲ್ಟಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿದರೆ ಅದೇ ಅಂಕಿಯಲ್ಲಿ ಹೆಚ್ಚು ಬಿಗಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಥ್ರಾಟಲ್ ಬಾಡಿ ಎಲೆಕ್ಟ್ರಾನಿಕ್ ಆಗಿದ್ದರೆ ಶುಚಿಗೊಳಿಸುವಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬಾರದು, ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಹಾಳಾಗಬಹುದು. ಬ್ಯಾಟರಿ ಜೋಡಿಸಿದ ಮೇಲೆ ಮೊದಲು ಕೀಯನ್ನು ಆನ್ ಸ್ಥಾನಕ್ಕೆ ತಂದು, ಪಂಪ್ ಒತ್ತಡ ತುಂಬುವಾಗ ಇಂಧನ ಎಲ್ಲಿಯಾದರೂ ಜಿನುಗುತ್ತಿದೆಯೇ ಎಂದು ನೋಡಿ, ಆಮೇಲಷ್ಟೇ ಸ್ಟಾರ್ಟ್ ಮಾಡಬೇಕು. ಥ್ರಾಟಲಿನ ಮಸಿ ಹೋದುದರಿಂದ ಐಡ್ಲಿಂಗ್ ಮೊದಲಿಗೆ ಏರಿರಬಹುದು. ಹಲವು ಕಾರುಗಳಲ್ಲಿ ಇಸಿಯು ಕೆಲವು ನಿಮಿಷಗಳಲ್ಲಿ ಹೊಸ ಸ್ಥಿತಿಯನ್ನು ಕಲಿತುಕೊಳ್ಳುತ್ತದೆ, ಕೆಲವಕ್ಕೆ ಸ್ಕ್ಯಾನರಿನಿಂದ ಮರುಹೊಂದಿಸಬೇಕು. ಇಂಜಿನ್ ಬಿಸಿಯಾದ ಮೇಲೆ ಫ್ಯೂಯಲ್ ಟ್ರಿಮ್ಮನ್ನು ಇಲ್ಲವೇ ವ್ಯಾಕ್ಯೂಮ್ ಗೇಜನ್ನು ಮೊದಲಿನ ಅಂಕಿಯೊಡನೆ ಹೋಲಿಸಿದರೆ ಗ್ಯಾಸ್ಕೆಟ್ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಮಸಿ ಮತ್ತೆ ಎಷ್ಟು ಬೇಗ ಕಟ್ಟುತ್ತದೆ ಎನ್ನುವುದು ಈಗಾಗಲೇ ಹೇಳಿದ ಎರಡು ಮೂಲಗಳನ್ನು ಅವಲಂಬಿಸಿದೆ. ಪಿಸಿವಿ ವಾಲ್ವ್ ಅಗ್ಗದ ಭಾಗ, ಮ್ಯಾನಿಫೋಲ್ಡ್ ಹೊರಗಿರುವಾಗಲೇ ಅದನ್ನು ಬದಲಿಸುವುದು ಸುಲಭ. ಇಜಿಆರ್ ವಾಲ್ವನ್ನು ತಗಡಿಟ್ಟು ಮುಚ್ಚಿಬಿಡಿ ಎನ್ನುವ ಸಲಹೆ ಸಿಕ್ಕರೆ ಒಪ್ಪಬಾರದು: ದಹನದ ಉಷ್ಣತೆ ತಗ್ಗಿಸಿ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡುವುದು ಅದರ ಕೆಲಸ, ಅದನ್ನು ಮುಚ್ಚುವುದು ಹೊಗೆ ನಿಯಮಗಳಿಗೆ ವಿರುದ್ಧ, ಚೆಕ್ ಇಂಜಿನ್ ದೀಪವೂ ಹೊತ್ತುತ್ತದೆ. ವಾಲ್ವನ್ನು ಬಿಚ್ಚಿ ಶುಚಿಗೊಳಿಸಿ ಹೊಸ ಗ್ಯಾಸ್ಕೆಟ್ಟಿನೊಡನೆ ಕೂರಿಸಿದರೆ ಸಾಕು. ಅದು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲವಾದರೆ ಮಾತ್ರ ಹೊಸದು ಬೇಕು.